ಕೈಯಾರೆ ಹೆಣೆದದ್ದು ಯಾರಿಗಾಗಿ?

ಕೈಯಾರೆ ಮಾಡಿದ ಕಾಣಿಕೆಗೆ ಬೆಲೆ ಕಟ್ಟಲಾಗದು ಎಂದು ನಾವೆಲ್ಲರೂ ಹೇಳುತ್ತೇವೆ. ಅಂಗಡಿಯಿಂದ ತಂದ ಉಡುಗೊರೆಯಲ್ಲಿ ಹಣವಿರುತ್ತದೆ, ಕೈಯಾರೆ ಮಾಡಿದ್ದರಲ್ಲಿ ಮನಸ್ಸಿರುತ್ತದೆ ಎಂಬುದು ನಮ್ಮ ನಂಬಿಕೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆ ನಂಬಿಕೆ ಸುಳ್ಳೆಂದು ಈಗಲೂ ಹೇಳಲಾರೆ. ಆದರೆ ಅದು ಅರ್ಧಸತ್ಯವೆಂಬುದನ್ನು ಒಂದು ಪುಟ್ಟ ಸ್ವೆಟರ್ ನನಗೆ ಕಲಿಸಿತು. ಆ ಪಾಠಕ್ಕೆ ನಾನು ತೆತ್ತ ಬೆಲೆ ಎರಡು ವರ್ಷಗಳ ಮೌನ.

ನಮ್ಮ ಮನೆ ಮಡಿಕೇರಿಯಲ್ಲಿದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದ ಊರು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಹೇಳಿಕೊಟ್ಟ ಹೆಣಿಗೆ ಅಂಥ ದಿನಗಳಲ್ಲಿ ನನಗೆ ಸಂಗಾತಿಯಾಯಿತು. ಮಗನ ಸಂಸಾರ ಇರುವುದು ಉಡುಪಿಯಲ್ಲಿ. ಮೊದಲ ಮೊಮ್ಮಗು ಬರಲಿದೆ ಎಂಬ ಸುದ್ದಿ ತಿಳಿದೊಡನೆ ಕಡ್ಡಿಗಳನ್ನು ಕೈಗೆತ್ತಿಕೊಂಡೆ. ಊಟಿಗೆ ಹೋಗಿದ್ದವರ ಕೈಯಲ್ಲಿ ಅಪ್ಪಟ ಕುರಿಯುಣ್ಣೆಯ ನೂಲು ತರಿಸಿದೆ. ಎದೆಯ ಮೇಲೆ ಜಡೆಯಂತೆ ಹೆಣೆದುಕೊಂಡು ಇಳಿಯುವ ವಿನ್ಯಾಸ, ಭುಜದ ಸುತ್ತ ಜಾಲರಿಯಂಥ ಕುಸುರಿ, ಮುಂಭಾಗದಲ್ಲಿ ನಾಲ್ಕು ಗುಂಡಿ. ಏಳು ವಾರ ಹಿಡಿಯಿತು. ನನ್ನ ಕೈಯಿಂದ ಅದಕ್ಕಿಂತ ಚೆಂದದ ವಸ್ತು ಅದುವರೆಗೆ ಹುಟ್ಟಿರಲಿಲ್ಲ.

ಮಗು ಹುಟ್ಟಿದ್ದು ಮಾರ್ಚ್ ತಿಂಗಳಲ್ಲಿ. ದೀಕ್ಷಾಸ್ನಾನದ ದಿನ ಫೋಟೋ ತೆಗೆಯುವಷ್ಟು ಹೊತ್ತು ಸ್ವೆಟರ್ ಅದರ ಮೈಮೇಲಿತ್ತು. ಅಷ್ಟರಲ್ಲೇ ಮಗು ಅತ್ತು ಅತ್ತು ಕೆಂಪಾಯಿತು. ಸೊಸೆ ಅದನ್ನು ಬಿಚ್ಚಿ ಒಳಗಿಟ್ಟಳು. ಮುಂದೆ ನಾನು ಹೋದಾಗಲೆಲ್ಲ ಮಗು ತೆಳುವಾದ ಹತ್ತಿಯ ಜುಬ್ಬದಲ್ಲಿರುತ್ತಿತ್ತು. ನಾನು ಏನನ್ನೂ ಕೇಳಲಿಲ್ಲ, ಕೇಳದಿರುವುದನ್ನೇ ದೊಡ್ಡತನವೆಂದುಕೊಂಡೆ. ಆದರೆ ದೂರವಾಣಿಯಲ್ಲಿ ಮಾತು ಚಿಕ್ಕದಾಯಿತು. ಕ್ರಿಸ್ಮಸ್ ಹಬ್ಬಕ್ಕೆ ಎಲ್ಲರೂ ಸೇರಿದಾಗಲೂ ನಗು ತುಟಿಯಲ್ಲೇ ನಿಂತಿತು. ಏಳು ವಾರದ ದುಡಿಮೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವಳು ಎಂಬ ಮುಳ್ಳು ನನ್ನೊಳಗಿತ್ತು.

ಎರಡು ವರ್ಷಗಳ ಬಳಿಕ ಅವರ ಮನೆಯಲ್ಲಿ ಕೆಲವು ದಿನ ತಂಗಿದ್ದೆ. ಒಂದು ಮಧ್ಯಾಹ್ನ ಸೊಸೆ ಕಪಾಟಿನಿಂದ ಒಂದು ಗಂಟನ್ನು ತೆಗೆದು ನನ್ನ ಮುಂದಿಟ್ಟಳು. ಹಳೆಯ ಹತ್ತಿಸೀರೆಯ ತುಂಡಿನಲ್ಲಿ, ಒಣ ಬೇವಿನೆಲೆಗಳ ನಡುವೆ, ಆ ಸ್ವೆಟರ್ ಹೊಸದರಂತೆಯೇ ಇತ್ತು.

"ಅತ್ತೆ, ನೀವು ಕೊಟ್ಟದ್ದನ್ನು ನಾನು ಒಂದು ದಿನವೂ ಮರೆತವಳಲ್ಲ. ಹಾಕಿದರೆ ಮಗುವಿನ ಕುತ್ತಿಗೆಯಲ್ಲಿ ಗುಳ್ಳೆ ಏಳುತ್ತಿತ್ತು. ಹಾಕದಿದ್ದರೆ ನಿಮಗೆ ನೋವಾಗುತ್ತಿತ್ತು. ಇಬ್ಬರಲ್ಲಿ ಯಾರಿಗೆ ನೋವು ಮಾಡಲಿ, ಹೇಳಿ."

ನನ್ನಲ್ಲಿ ಉತ್ತರವಿರಲಿಲ್ಲ. ಪ್ರೀತಿಯಿಂದಲೇ ಮಾಡಿದ ಕಾಣಿಕೆಯು ಒಬ್ಬ ತಾಯಿಯನ್ನು ತನ್ನ ಮಗುವಿನ ಮೈಗೂ ನನ್ನ ಅಭಿಮಾನಕ್ಕೂ ನಡುವೆ ನಿಲ್ಲಿಸಿತ್ತು. ಹಾಗಾದರೆ ಕಾಣಿಕೆಗೆ ಪ್ರೀತಿಯೊಂದೇ ಸಾಕೇ? ಕೊಡುವವರ ಮನಸ್ಸು ಶುದ್ಧವಾಗಿದ್ದರೆ ಅವರ ಕರ್ತವ್ಯ ಅಲ್ಲಿಗೆ ಮುಗಿಯಿತೇ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಕೆಲಸವನ್ನು ಮೊದಲಿನಿಂದ ನೋಡಿದೆ. ನೂಲನ್ನು ಆರಿಸುವಾಗ ನಾನು ಬಣ್ಣವನ್ನು ವಿಚಾರಿಸಿದ್ದೆ, ಬೆಲೆಯನ್ನು ವಿಚಾರಿಸಿದ್ದೆ, ಅಪ್ಪಟವೇ ಎಂದೂ ವಿಚಾರಿಸಿದ್ದೆ. ಏಪ್ರಿಲ್ ತಿಂಗಳ ಉಡುಪಿಯಲ್ಲಿ ಎಷ್ಟು ಸೆಕೆಯಿರುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಮಡಿಕೇರಿಯ ಚಳಿಯಲ್ಲಿ ಕುಳಿತು, ನನ್ನ ಚಳಿಗೆ ಮದ್ದಾಗುವುದನ್ನೇ ಕರಾವಳಿಯ ಮಗುವಿಗೂ ಹೆಣೆದಿದ್ದೆ.

ಉಣ್ಣೆಯಲ್ಲಿ ದೋಷವಿಲ್ಲ. ಅದರ ಎಳೆಗಳು ಗುಂಗುರಾಗಿರುವುದರಿಂದ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಮೈಯ ಬಿಸಿಯನ್ನು ಕಾಯುತ್ತವೆ. ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆ ಒದ್ದೆಯೆನಿಸುವುದಿಲ್ಲ. ಆದರೆ ಎಲ್ಲ ಉಣ್ಣೆಯೂ ಒಂದೇ ಅಲ್ಲ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್ ಎನ್ನುತ್ತಾರೆ. ಎಳೆಯ ದಪ್ಪ ಸುಮಾರು 30 ಮೈಕ್ರಾನ್ ದಾಟಿದರೆ ಅದರ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ. ನವೆಗೆ ಮುಖ್ಯ ಕಾರಣ ಇದೇ. ಮೆರಿನೋ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ತೆಳುವಾಗಿರುವುದರಿಂದ ಮೃದುವೆನಿಸುತ್ತದೆ. ನಮ್ಮ ದಖನಿ ಕುರಿಗಳ ಉಣ್ಣೆ ಒರಟು. ಕುರುಬರು ಅದರಿಂದ ನೇಯುವ ಕಂಬಳಿ ಮಳೆಯಲ್ಲಿ ನಿಂತ ಕುರಿಗಾಹಿಗೆ ಮನೆಯೇ ಆಗುತ್ತದೆ. ಕುರಿಗಾಹಿಯ ಹೆಗಲಿಗೆ ವರವಾದ ಒರಟುತನವು ಎಳೆಗೂಸಿನ ಕುತ್ತಿಗೆಗೆ ಶಿಕ್ಷೆಯಾಗಬಹುದು.

ಇನ್ನು ಅಂಗಡಿಗಳಲ್ಲಿ ನಾವು 'ಉಲ್ಲನ್' ಎಂದು ಕೇಳಿ ಕೊಳ್ಳುವ ಉಂಡೆಗಳಲ್ಲಿ ಅನೇಕವು ಅಕ್ರಿಲಿಕ್. ಅದು ಪೆಟ್ರೋಲಿಯಂ ಮೂಲದ ಕೃತಕ ನೂಲು. ಬೆಲೆ ಕಡಿಮೆ, ತೊಳೆಯುವುದು ಸುಲಭ. ಆದರೆ ಬೆವರನ್ನು ಚೆನ್ನಾಗಿ ಹೀರದು, ಬೆಂಕಿ ತಾಗಿದರೆ ಕರಗಿ ಮೈಗಂಟುತ್ತದೆ. ಒಲೆಯ ಮುಂದೆ ದುಡಿಯುವವರಿಗೆ ಅಕ್ರಿಲಿಕ್ ಶಾಲು ಕೊಡುವ ಮುನ್ನ ಇದನ್ನು ನೆನೆಯಬೇಕು. ಗುರುತಿಸಲು ತುಂಡು ನೂಲನ್ನು ಚಿಮಟದಲ್ಲಿ ಹಿಡಿದು ಎಚ್ಚರಿಕೆಯಿಂದ ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಹತ್ತಿಯ ನೂಲು ತಂಪು, ಬಿಸಿನೀರನ್ನು ತಡೆಯುತ್ತದೆ. ಆದರೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗುವ ಗುಣ ಅದಕ್ಕಿಲ್ಲ, ಒದ್ದೆಯಾದರೆ ಜೋತುಬೀಳುತ್ತದೆ. ಕರಾವಳಿಯ ಮಗುವಿಗೆ ಇದೇ ತಕ್ಕದ್ದು.

ತೊಳೆಯುವವರು ಯಾರು ಎಂಬುದೂ ನೂಲಿನ ಆಯ್ಕೆಗೆ ಸೇರಿದ ಮಾತು. ಸಾಮಾನ್ಯ ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೆ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ತಣ್ಣೀರಿನಲ್ಲಿ ಕೈಯಿಂದ ಅದ್ದಿ, ಹಿಂಡದೆ, ನೆರಳಿನಲ್ಲಿ ಹಾಸಿ ಒಣಗಿಸಬೇಕು. ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡು ನಿದ್ರೆಗೆಟ್ಟ ತಾಯಿಗೆ ಅಂಥ ಬಟ್ಟೆಯನ್ನು ಕೊಟ್ಟರೆ, ಕಾಣಿಕೆಯ ಜೊತೆಗೆ ದುಡಿಮೆಯನ್ನೂ ಕೊಟ್ಟಂತಾಯಿತು. ನಾನು ಅದನ್ನೇ ಮಾಡಿದ್ದೆ.

ಹೆಣಿಗೆಯ ಕ್ರಮಕ್ಕೂ ಇದೇ ನ್ಯಾಯ. ನನ್ನ ಜಾಲರಿಯ ಕುಸುರಿ ಕಣ್ಣಿಗೆ ಹಬ್ಬವಾಗಿತ್ತು. ಆದರೆ ಆ ರಂಧ್ರಗಳಲ್ಲಿ ಮಗುವಿನ ಕಿರುಬೆರಳು ಸಿಕ್ಕಿಕೊಳ್ಳಬಹುದು. ಗುಂಡಿ ಕಿತ್ತುಬಂದರೆ ನೇರ ಬಾಯಿಗೆ. ಟೋಪಿಯ ವಿಷಯದಲ್ಲೂ ಎಚ್ಚರ ಬೇಕು. ಹುಟ್ಟಿದ ಮೊದಲ ಗಂಟೆಗಳು ಕಳೆದ ಮೇಲೆ ಮನೆಯೊಳಗೆ ಮಗುವಿನ ತಲೆಗೆ ಟೋಪಿ ಹಾಕದಿರುವುದು ಲೇಸೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ತನ್ನ ಸಲಹೆಯಲ್ಲಿ ಹೇಳಿದೆ; ನಿದ್ದೆಯಲ್ಲಿ ಮೈ ಅತಿಯಾಗಿ ಬಿಸಿಯಾಗುವುದು ಅಪಾಯ.

ಅಳತೆಯ ಮಾತು ಕೇಳಿ. ಆರಂಭಿಸುವ ಮುನ್ನ ಒಂದು ಚೌಕವನ್ನು ಹೆಣೆದು 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬರುತ್ತದೆಂದು ಎಣಿಸಬೇಕೆಂದು ಟೀಚರ್ ಹೇಳುತ್ತಿದ್ದರು. ಆ ಚೌಕ ನಮಗೆ ದಂಡವೆನಿಸುತ್ತಿತ್ತು. ಆದರೆ ಲೆಕ್ಕ ನೋಡಿ: 120 ಕುಣಿಕೆಗಳ ಸುತ್ತು, 10 ಸೆಂಟಿಮೀಟರಿಗೆ 20 ಕುಣಿಕೆಯಾದರೆ 60 ಸೆಂಟಿಮೀಟರ್ ಬರುತ್ತದೆ, ಕೈ ಸ್ವಲ್ಪ ಬಿಗಿಯಾಗಿ 22 ಕುಣಿಕೆಯಾದರೆ 54 ಚಿಲ್ಲರೆ. ಎರಡೇ ಕುಣಿಕೆಯ ವ್ಯತ್ಯಾಸದಿಂದ ಐದು ಸೆಂಟಿಮೀಟರಿಗೂ ಹೆಚ್ಚು ನಷ್ಟ. ಇನ್ನೊಬ್ಬರ ಮೈಯನ್ನು ನಮ್ಮ ಅಂದಾಜಿಗೆ ಒಪ್ಪಿಸದೆ ಅಳೆದು ತಿಳಿಯುವ ವಿನಯ ಆ ಪುಟ್ಟ ಚೌಕದಲ್ಲಿದೆ.

ಇತಿಹಾಸದಲ್ಲಿಯೂ ಇದಕ್ಕೆ ನಿದರ್ಶನವುಂಟು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನ ರಾಣಿ ಮೇರಿ ಸೈನಿಕರಿಗಾಗಿ ಮೂರು ಲಕ್ಷ ಜೊತೆ ಕಾಲುಚೀಲಗಳನ್ನು ಹೆಣೆದುಕೊಡುವಂತೆ ಮಹಿಳೆಯರನ್ನು ಕೋರಿದರು. ಮನೆಮನೆಗಳಲ್ಲಿ ಕಡ್ಡಿಗಳು ಆಡಿದವು. ಆದರೆ ಕಾಲುಚೀಲದ ತುದಿಯನ್ನು ದಪ್ಪಗೆ ಹೊಲಿದು ಮುಚ್ಚಿದರೆ, ಒದ್ದೆಯಾದ ಬೂಟಿನೊಳಗೆ ದಿನವಿಡೀ ನಡೆಯುವವನ ಬೆರಳಿಗೆ ಆ ಅಂಚು ಉಜ್ಜಿ ಹುಣ್ಣಾಗುತ್ತದೆ. ಎದುರುಬದುರಿನ ಕುಣಿಕೆಗಳನ್ನು ಸೂಜಿಯಿಂದ ಒಂದೊಂದಾಗಿ ಪೋಣಿಸಿ, ಅಂಚೇ ಕಾಣದಂತೆ ಕೂಡಿಸುವ ವಿಧಾನಕ್ಕೆ ಇಂದಿಗೂ 'ಕಿಚನರ್ ಹೊಲಿಗೆ' ಎಂದು ಹೆಸರು. 1902ರಿಂದ 1909ರವರೆಗೆ ಭಾರತದಲ್ಲಿ ಸೇನಾಧಿಪತಿಯಾಗಿದ್ದು, 1914ರಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾದ ಕಿಚನರ್ ಅವರ ಹೆಸರದು. ಪ್ರೀತಿಯಿಂದ ಹೆಣೆದ ಕಾಲುಚೀಲವೂ ಕಾಲನ್ನು ಗಾಯಗೊಳಿಸಬಲ್ಲದು. ಗಾಯವಾಗದಂತೆ ಹೆಣೆಯಲು ಆ ಕಾಲು ಎಲ್ಲಿ, ಹೇಗೆ ನಡೆಯುತ್ತದೆಂದು ತಿಳಿದಿರಬೇಕು.

ಜರ್ಮನಿಯ ಹ್ಯಾಂಬರ್ಗ್ ನಗರದ ಕಲಾಸಂಗ್ರಹಾಲಯದಲ್ಲಿ ಬುಕ್ಸ್‌ಟೆಹುಡೆಯ ಬಲಿಪೀಠದ ಚಿತ್ರಗಳಿವೆ. ಸುಮಾರು 1400ರ ಆಸುಪಾಸಿನವು. ಮಾಸ್ಟರ್ ಬೆರ್ಟ್ರಾಮ್ ಎಂಬ ಚಿತ್ರಕಾರನಿಗೆ ಇಲ್ಲವೇ ಅವನ ಕಮ್ಮಟಕ್ಕೆ ಸೇರಿದ್ದೆನ್ನುತ್ತಾರೆ. ಅವುಗಳಲ್ಲೊಂದರಲ್ಲಿ ಮರಿಯಳು ಹಲವು ಕಡ್ಡಿಗಳನ್ನು ವೃತ್ತಾಕಾರವಾಗಿ ಹಿಡಿದು, ಹೊಲಿಗೆಯೇ ಬೇಡದ ಒಂದು ಅಂಗಿಯ ಕೊರಳನ್ನು ಹೆಣೆಯುತ್ತಿದ್ದಾಳೆ. ಪಕ್ಕದಲ್ಲೇ ಬಾಲಯೇಸು. ಎದುರಿಗೆ ದೇವದೂತರು ಶಿಲುಬೆಯನ್ನೂ ಮೊಳೆಗಳನ್ನೂ ಹಿಡಿದು ಬಂದಿದ್ದಾರೆ. ಯೋಹಾನನ ಸುವಾರ್ತೆಯಲ್ಲಿ ಸೈನಿಕರು ಹರಿಯಲು ಮನಸ್ಸಾಗದೆ ಚೀಟುಹಾಕಿದ ಆ ಅಂಗಿಯನ್ನು ಚಿತ್ರಕಾರ ಇಲ್ಲಿ ನೆನೆದಿರಬೇಕು.

ಈ ಚಿತ್ರವನ್ನು ಕುರಿತು ಯೋಚಿಸಿದಾಗ ನನಗೆ ಎರಡು ಸಂಗತಿಗಳು ಹೊಳೆದವು. ಅಂಗಿಯನ್ನು ತೊಡಬೇಕಾದ ಮೈ ಆ ತಾಯಿಯ ಕಣ್ಣಳತೆಯಲ್ಲೇ ಇದೆ. ಆಕೆ ನೋಡಿ ಹೆಣೆಯುತ್ತಾಳೆ. ಆದರೆ ಮುಂದೆ ಆ ಅಂಗಿಗೆ ಏನಾಗುವುದೆಂಬುದು ಆಕೆಯ ಕೈಯಲ್ಲಿಲ್ಲ. ಕೊಡುವ ಮೊದಲು ಅರಿಯಬೇಕು. ಕೊಟ್ಟ ಮೇಲೆ ಬಿಡಬೇಕು. ನಾನು ಎರಡರಲ್ಲೂ ಸೋತಿದ್ದೆ.

'ಹಾಗಾದರೆ ಪಡೆದವರಿಗೆ ಕೃತಜ್ಞತೆ ಬೇಡವೇ? ಕೊಟ್ಟವರ ಶ್ರಮಕ್ಕೆ ಬೆಲೆಯಿಲ್ಲವೇ?' ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೃತಜ್ಞತೆ ಖಂಡಿತವಾಗಿ ಬೇಕು. ನನ್ನ ಸೊಸೆಯಲ್ಲಿ ಅದು ತುಂಬಿತ್ತು, ಬೇವಿನೆಲೆಗಳೇ ಸಾಕ್ಷಿ. ಆದರೆ ಅದು ಪಡೆದವರ ಸದ್ಗುಣ, ಕೊಟ್ಟವರ ಹಕ್ಕಲ್ಲ. 'ಏಳು ವಾರ ದುಡಿದೆ' ಎಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟದ್ದು ಸಾಲವಾಗುತ್ತದೆ. ಸಾಲಗಾರರ ಮುಖವನ್ನು ನೋಡುವಂತೆ ನಾನು ಆ ಹುಡುಗಿಯ ಮುಖವನ್ನು ಎರಡು ವರ್ಷ ನೋಡಿದೆ. ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾ ತೀರಿಕೊಂಡಾಗ, ಆಕೆ ಮಾಡಿಕೊಟ್ಟ ಬಟ್ಟೆಗಳನ್ನು ಅಳುತ್ತಾ ತೋರಿಸುವವರು ವಿಧವೆಯರು. ತಬಿಥಾ ತನ್ನ ಶ್ರಮದ ಲೆಕ್ಕವನ್ನು ಒಪ್ಪಿಸಿದ್ದನ್ನು ನಾವು ಅಲ್ಲಿ ಓದುವುದಿಲ್ಲ.

ನೇಯ್ಗೆಗೂ ಹೆಣಿಗೆಗೂ ಒಂದು ಮುಖ್ಯ ಅಂತರವಿದೆ. ನೇಯ್ಗೆಯಲ್ಲಿ ಹಾಸು-ಹೊಕ್ಕುಗಳೆಂಬ ಎರಡು ಬಗೆಯ ಎಳೆಗಳು. ಹೆಣಿಗೆಯಲ್ಲಿ ಉದ್ದಕ್ಕೂ ಸಾಗುವ ಒಂದೇ ನೂಲು ಸಾಕು. ಒಂದು ಕುಣಿಕೆ ಕೆಳಗಿನದನ್ನು ಹಿಡಿದಿರುತ್ತದೆ. ಒಂದು ಜಾರಿದರೆ ಕೆಳಗಿನವೂ ಸಾಲಾಗಿ ಜಾರುತ್ತವೆ. ಇದು ಹೆಣಿಗೆಯ ದೌರ್ಬಲ್ಯ. ಆದರೆ ಅದೇ ಕಾರಣದಿಂದ ಹೆಣೆದದ್ದನ್ನು ಪೂರ್ತಿ ಬಿಚ್ಚಿ, ಅದೇ ನೂಲಿನಿಂದ ಬೇರೊಂದನ್ನು ಮಾಡಲು ಸಾಧ್ಯ.

ಆ ಮಧ್ಯಾಹ್ನ ಸೊಸೆಯೂ ನಾನೂ ಎದುರುಬದುರು ಕುಳಿತು ಸ್ವೆಟರನ್ನು ಬಿಚ್ಚಿದೆವು. ನಾನು ಎಳೆಯುತ್ತಾ ಹೋದೆ, ಅವಳು ಎರಡೂ ಕೈಗಳನ್ನು ಚಾಚಿ ನೂಲನ್ನು ಲಡಿಯಾಗಿ ಸುತ್ತಿಸಿಕೊಂಡಳು. ಎರಡು ವರ್ಷ ಆಡದ ಮಾತುಗಳನ್ನು ಆ ಹೊತ್ತಿನಲ್ಲಿ ಆಡಿದೆವು. ಮಡಿಕೇರಿಗೆ ಮರಳಿ, ಲಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸಣ್ಣ ಭಾರ ಕಟ್ಟಿ ತೂಗುಹಾಕಿದೆ. ನೂಲಿನ ಸುಕ್ಕುಗಳು ಬಿಟ್ಟುಕೊಂಡವು. ಸಾಲದಿದ್ದ ನೂಲಿಗೆ ಇನ್ನೊಂದು ಬಣ್ಣವನ್ನು ಸೇರಿಸಿ, ದೊಡ್ಡ ಅಳತೆಯ ಸಾದಾ ಸ್ವೆಟರ್ ಹೆಣೆದು, ಅದನ್ನು ನಮ್ಮ ಮನೆಯಲ್ಲೇ ಇಟ್ಟೆ. ಅವಳ ಎರಡನೆಯ ಬಾಣಂತನಕ್ಕೆ ಮೊದಲು ಈ ಸಲ ಕೇಳಿದೆ: "ಏನು ಬೇಕಮ್ಮಾ?" "ಹಗುರವಾದ ಹತ್ತಿಯ ಹೊದಿಕೆ, ಅತ್ತೆ. ಮೆಷಿನ್ನಿಗೆ ಹಾಕುವಂಥದ್ದು," ಎಂದಳು. ಕುಸುರಿಯಿಲ್ಲದೆ, ಸಾಲಿನ ಮೇಲೆ ಸಾಲು ಒಂದೇ ಬಗೆಯ ಹೆಣಿಗೆ. ನನ್ನ ಕೈಚಳಕವನ್ನು ತೋರಿಸಲು ಅದರಲ್ಲಿ ಎಡೆಯೇ ಇರಲಿಲ್ಲ. ಈಗ ಅದು ಒಗೆದು ಒಗೆದು ಬಣ್ಣಗೆಟ್ಟಿದೆ ಎಂದು ಕೇಳಿ ಸಂತೋಷವಾಯಿತು.

ಕಳೆದ ಡಿಸೆಂಬರ್‌ನಲ್ಲಿ ಹಿರಿಯ ಮೊಮ್ಮಗ ಮಡಿಕೇರಿಗೆ ಬಂದಿದ್ದ. ಬೆಳಗಿನ ಚಳಿಗೆ, ಹತ್ತಿಯ ಅಂಗಿಯ ಮೇಲೆ ಆ ಸ್ವೆಟರನ್ನು ತೊಡಿಸಿದೆ. ನವೆಯೆನ್ನಲಿಲ್ಲ. ಬಿಸಿಲೇರಿದೊಡನೆ ಅದನ್ನು ಕಳಚಿ ಬೇಲಿಯ ಮೇಲೆಸೆದು ಆಡಲು ಓಡಿದ. ಸೊಸೆ ಎತ್ತಿಡಲು ಎದ್ದಳು. ಇರಲಿ ಬಿಡಮ್ಮಾ ಎಂದೆ.