ಹಿರಿಯರ ಕಾಲವೂ ನಮ್ಮ ಕಾಲವೂ

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಉತ್ಸವ ರಾಕ್ ಗಾರ್ಡನ್ ಎಂಬ ಶಿಲ್ಪವನವಿರುವದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕಲಾವಿದ ಟಿ. ಬಿ. ಸೊಲಬಕ್ಕನವರು ರೂಪಿಸಿದ ಈ ವನದಲ್ಲಿ ನಮ್ಮ ಸೀಮೆಯ ಹಳೇ ಊರಬಾಳು ಪ್ರತಿಮೆಗಳಾಗಿ ನಿಂತಿರುವದು: ಒಕ್ಕಲಿಗರು, ಎತ್ತುಗಳು, ಕಸುಬುದಾರರು, ಮಕ್ಕಳುಮರಿಗಳಿಂದ ತುಂಬಿದ ಮನೆಗಳು. ಅದೇ ಊರಲ್ಲಿ 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯವೂ ಇದೆ. ಇವನ್ನು ನೋಡಿ ಹೊರಡುವವರ ಬಾಯಲ್ಲಿ ಬರುವ ಮಾತು ಒಂದೇ: ಹಿಂದಿನವರೇ ಭಾಗ್ಯವಂತರು.

ಇದು ನಿಜವೋ? ನಿಜವಲ್ಲವೆಂದರೆ ಹಿರಿಯರನ್ನು ತುಚ್ಛೀಕರಿಸಿದಂತಾಗುವದೋ?

ಒಮ್ಮೆ ನಮ್ಮ ಸಭೆಯ ಯೌವನಸ್ಥರೊಡನೆ ನಾನು ಅಲ್ಲಿಗೆ ಹೋದಾಗ ಒಬ್ಬ ಮುದುಕಿಯೂ ಸಂಗಡ ಬಂದಿದ್ದಳು. ಹುಡುಗರು ಹೊಗಳುತ್ತಿರಲಾಗಿ, ಆಕೆ ಒಂದು ಹೆಣ್ಣು ಪ್ರತಿಮೆಯ ಅಂಗೈ ಮುಟ್ಟಿ ನೋಡಿ, “ಇಕೀ ಕೈ ಜಡ್ಡುಗಟ್ಟಿಲ್ಲಲ್ಲ, ತಮ್ಮಾ” ಅಂದಳು. ಶಿಲ್ಪಿಯಲ್ಲಿ ದೋಷವೆಣಿಸುವ ಮಾತು ಇದಲ್ಲ. ದುಡಿದವರಿಗೆ ಆತನು ಮಾನ ಕೊಟ್ಟನು. ಆದರೆ ಬೆವರನ್ನು ಪ್ರತಿಮೆಯಲ್ಲಿ ಹ್ಯಾಗೆ ತೋರಿಸುವದು? ಕೋಳಿ ಕೂಗುವದಕ್ಕೆ ಮುಂಚೆ ಎದ್ದು, ಮನೆಮಂದಿಯ ರೊಟ್ಟಿಗೆ ಬೇಕಾದಷ್ಟು ಜೋಳವನ್ನು ಬೀಸುಕಲ್ಲಿನಲ್ಲಿ ಬೀಸಿ, ಆಮೇಲೆ ನೀರಿಗೂ ಹೊಲಕ್ಕೂ ಹೋಗುತ್ತಿದ್ದ ಆ ತಾಯಂದಿರು ಗಿರಣಿ ಬಂದದ್ದಕ್ಕೆ ಅತ್ತರೆಂದು ನಾನು ಕೇಳಿಲ್ಲ.

ಹಗೇವಿನ ಮಾತನ್ನೂ ಹೇಳಬೇಕು. ನೆಲದೊಳಗೆ ತೋಡಿ ಜೋಳ ತುಂಬುತ್ತಿದ್ದ ಆ ಕಣಜವು ನಮ್ಮವರ ಜಾಣತನಕ್ಕೆ ಸಾಕ್ಷಿ, ಸಂದೇಹವಿಲ್ಲ. ಬಾಯಿ ತೆರೆದ ಕೂಡಲೆ ಒಳಗಿಳಿದವನು ಕೆಟ್ಟ ಗಾಳಿಗೆ ಸಾಯುವ ಭಯವಿದ್ದದರಿಂದ ದೀಪ ಇಳಿಬಿಟ್ಟು ನೋಡುತ್ತಿದ್ದರು. ಆದರೆ ಹಗೇವು ಯಾರ ಅಂಗಳದಲ್ಲಿತ್ತು? 1876ರಿಂದ 1878ರ ವರೆಗಿನ ಘೋರ ಬರವು ಧಾರವಾಡ ಜಿಲ್ಲೆಯನ್ನೂ ಸುಟ್ಟಾಗ, ಹಗೇವಿದ್ದವನು ಕದ ಮುಚ್ಚಿ ಉಂಡಿರಬಹುದು. ಅದನ್ನು ತೋಡಿದ ಕೂಲಿಯವನಿಗೆ ಏನಿತ್ತು? ನಮ್ಮಲ್ಲಿ ಬಹು ಜನರ ಅಜ್ಜಂದಿರು ಆ ಕೂಲಿಯವರ ಸಾಲಿನವರೇ. ಊರ ಬಾವಿಯ ಹಗ್ಗವನ್ನು ಮುಟ್ಟಲಾರದೆ, ಯಾರಾದರೂ ಕೊಡಕ್ಕೆ ಸುರಿದಾರೆಂದು ದೂರ ನಿಂತವರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಮನಸ್ಸುಗಳಿಂದ ಅದು ಇನ್ನೂ ಪೂರ್ತಿ ಹೋಗಿಲ್ಲವೆಂಬದನ್ನು ಬಲ್ಲೆವು. ಆದರೂ “ಅಂದಿನ ಊರು ಒಂದೇ ಮನೆಯಂತಿತ್ತು” ಎಂದು ಯಾರಾದರೂ ಹೇಳಿದರೆ, ಆ ಮನೆಯಲ್ಲಿ ನಮ್ಮ ಅಜ್ಜನು ಎಲ್ಲಿ ಕೂಡ್ರುತ್ತಿದ್ದನೆಂದು ಕೇಳುವ ಹಕ್ಕು ನಮಗುಂಟು.

ಮರಣದ ಲೆಕ್ಕವೂ ಇದೆ. 1911ರಿಂದ 1921ರ ವರೆಗಿನ ದಶಕದಲ್ಲಿ ನಮ್ಮ ದೇಶದ ಸರಾಸರಿ ಆಯುಷ್ಯ ಸುಮಾರು 20 ವರುಷ. ಈಗ ಸುಮಾರು 70. ಆಗ ಎಲ್ಲರೂ ಇಪ್ಪತ್ತಕ್ಕೇ ಸತ್ತರೆಂದಲ್ಲ. ಕೂಸುಗಳು ತೊಟ್ಟಿಲಲ್ಲಿಯೇ ಸಾಯುತ್ತಿದ್ದವು. 1918ರ ಇನ್‌ಫ್ಲುಯೆಂಜಾ ಬೇರೆ ಬಡಿಯಿತು. ಹಳ್ಳಿಹಳ್ಳಿಯಲ್ಲಿ ಹೆದರಿಸುತ್ತಿದ್ದ ಸಿಡುಬು ಲೋಕದಿಂದಲೇ ಅಳಿಯಿತೆಂದು 1980ರಲ್ಲಿ ಸಾರಲ್ಪಟ್ಟಿತು.

ಹಾಗಾದರೆ ನಾವು ಏನೂ ಕಳಕೊಳ್ಳಲಿಲ್ಲವೋ? ಕಳಕೊಂಡೆವು. ಹತ್ತು ಮನೆಯವರು ಮುಯ್ಯಾಳಾಗಿ ಒಬ್ಬನ ಹೊಲ ಕೊಯ್ಯುವದು ಅಪರೂಪವಾಯಿತು. ಕೊಳವೆಬಾವಿ ಕೊರೆದು ಮೊಮ್ಮಕ್ಕಳ ನೀರನ್ನು ನಾವೇ ಕುಡಿಯುತ್ತಿದ್ದೇವೆ. ಸುಖ ಬಂದದ್ದು ಯಾರ ದುಡಿತದಿಂದ ಎಂಬದನ್ನು ಮರೆತವನಿಗೆ ಹಳೇ ಕಾಲವೂ ಅರ್ಥವಾಗದು, ಈ ಕಾಲವೂ ಅರ್ಥವಾಗದು.

ತಿರುಗಿ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿಯು ಬೀಸುವ ಪದ ಹೇಳೆಂದು ಆ ಮುದುಕಿಯನ್ನು ಬೇಡಿ ಮೊಬೈಲ್ ಮುಂದೆ ಹಿಡಿದಳು. ಮುದುಕಿ ಎರಡು ಸಾಲು ಹಾಡಿ ತಡೆದಳು. “ಕಲ್ಲಿಲ್ದ ಹಾಡು ಬರಂಗಿಲ್ಲವ್ವಾ” ಎಂದು ನಕ್ಕಳು. ಬಳಿಕ ಕಣ್ಣುಮುಚ್ಚಿ, ಮಡಿಲಲ್ಲಿ ಬರಿಗೈಯನ್ನು ಗುಂಡಗೆ ತಿರುಗಿಸತೊಡಗಿದಳು. ಮೂರನೆಯ ಸಾಲು ಬಂತು.