ತಿಳಿಯದೆ ತಿಂದದ್ದಕ್ಕೆ ಯಾರು ಹೊಣೆ?

ಹಿಟ್ಟಿನ ಗಿರಣಿಯಲ್ಲಿ ರಾಗಿ, ಜೋಳ, ಗೋಧಿಗೆ ಒಂದು ಯಂತ್ರವಿರುತ್ತದೆ, ಖಾರದ ಪುಡಿಗೆ ಇನ್ನೊಂದು. ಎರಡನ್ನೂ ಒಂದರಲ್ಲೇ ಬೀಸಿದರೆ ಏನಾಗುತ್ತದೆಂದು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ರೊಟ್ಟಿ ತಿಂದ ಮಗು ನಾಲಿಗೆ ಉರಿಯುತ್ತದೆಂದು ಅತ್ತರೆ ನಾವು ಮಗುವನ್ನು ಗದರುವುದಿಲ್ಲ. ಗಿರಣಿಯವನ ಬಳಿ ಹೋಗಿ ಕೇಳುತ್ತೇವೆ.

ಕ್ರೀಡಾರಂಗದಲ್ಲಿ ಲೆಕ್ಕ ಬೇರೆ. ಅಲ್ಲಿ ಮೊದಲು ಶಿಕ್ಷೆಯಾಗುವುದು ರೊಟ್ಟಿ ತಿಂದವರಿಗೆ.

ಓಟಗಾರರು, ಈಜುಗಾರರು, ಕುಸ್ತಿಪಟುಗಳು ಇಂದು ಅನ್ನ ರೊಟ್ಟಿಯ ಜೊತೆಗೆ ಪ್ರೊಟೀನ್ ಪುಡಿ, ವಿಟಮಿನ್ ಮಾತ್ರೆಗಳನ್ನೂ ತಿನ್ನುತ್ತಾರೆ. ಇವು ಔಷಧಿಗಳಲ್ಲ, ಪೂರಕ ಆಹಾರ. ಆದರೆ ಹಾರ್ಮೋನು ಬೆರೆಸಿದ ಯಂತ್ರವನ್ನು ಸರಿಯಾಗಿ ತೊಳೆಯದೆ ಅದರಲ್ಲೇ ವಿಟಮಿನ್ ಬೆರೆಸುವ ಕಾರ್ಖಾನೆಗಳಿವೆ. ಗುಣ ಬೇಗ ಕಾಣಲೆಂದು ಬೇಕೆಂದೇ ಕಲಬೆರಕೆ ಮಾಡುವವರೂ ಇದ್ದಾರೆ. ಜರ್ಮನಿಯ ಕಲೋನ್ ನಗರದ ಪ್ರಯೋಗಾಲಯವು 2000-2001ರಲ್ಲಿ 13 ದೇಶಗಳಿಂದ ಇಂಥ 634 ಪೂರಕಗಳನ್ನು ಕೊಂಡು ಪರೀಕ್ಷಿಸಿತು. 94ರಲ್ಲಿ, ಅಂದರೆ ನೂರಕ್ಕೆ ಸುಮಾರು 15ರಲ್ಲಿ, ಡಬ್ಬಿಯ ಮೇಲೆ ಬರೆಯದ ಸ್ಟೆರಾಯ್ಡ್ ಅಂಶ ಸಿಕ್ಕಿತು. ಡಬ್ಬಿಯನ್ನು ಓದಿ ನಂಬಿದವರು ಮೋಸಹೋದರು.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಸಂಹಿತೆ ಈ ವಿಷಯದಲ್ಲಿ ನಿಷ್ಠುರವಾಗಿದೆ. ತನ್ನ ದೇಹದೊಳಗೆ ನಿಷೇಧಿತ ವಸ್ತು ಹೋಗದಂತೆ ನೋಡಿಕೊಳ್ಳುವುದು ಪ್ರತಿ ಕ್ರೀಡಾಪಟುವಿನ ಸ್ವಂತ ಹೊಣೆ. ಮೂತ್ರದಲ್ಲಿ ಆ ವಸ್ತು ಸಿಕ್ಕರೆ ಸಾಕು, ನಿಯಮಭಂಗವಾದಂತೆಯೇ. ಉದ್ದೇಶವಿತ್ತೇ, ಅಜಾಗರೂಕತೆಯಿತ್ತೇ ಎಂಬ ಪ್ರಶ್ನೆಗಳು ಶಿಕ್ಷೆಯ ಅವಧಿಯನ್ನು ನಿರ್ಧರಿಸುವಾಗ ಬರುತ್ತವೆ. ಗೋಧಿಯ ಜೊತೆ ಅದರೊಳಗಿನ ಹುಳುವೂ ಬೀಸಿಹೋಗುತ್ತದೆಂದು ಉರ್ದುವಿನಲ್ಲೊಂದು ಗಾದೆಯಿದೆ. ಇದೂ ಹಾಗೆಯೇ ಅಲ್ಲವೇ ಎಂದು ನಮಗೆ ಅನ್ನಿಸುವುದು ಸಹಜ.

ಆದರೆ ದುಡುಕುವುದು ಬೇಡ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಅಲೈನ್ ಬ್ಯಾಕ್ಸ್‌ಟರ್ ಹಿಮಜಾರಾಟದಲ್ಲಿ ಕಂಚು ಗೆದ್ದರು. ಮೂಗು ಕಟ್ಟಿದ್ದಕ್ಕೆ ಅವರು ಅಮೆರಿಕದ ಅಂಗಡಿಯಿಂದ ವಿಕ್ಸ್ ಇನ್‌ಹೇಲರ್ ಕೊಂಡಿದ್ದರು. ತಮ್ಮ ದೇಶದಲ್ಲಿ ಬಳಸುತ್ತಿದ್ದ ಅದೇ ಹೆಸರಿನ ಇನ್‌ಹೇಲರ್‌ನಲ್ಲಿ ಇಲ್ಲದ ಒಂದು ಅಂಶ ಅದರಲ್ಲಿತ್ತು. ಅವರು ಮೋಸ ಮಾಡಲು ಹೊರಟವರಲ್ಲ ಎಂಬುದನ್ನು ಕ್ರೀಡಾ ನ್ಯಾಯಮಂಡಳಿ ಒಪ್ಪಿತು. ಪದಕವನ್ನು ಮಾತ್ರ ಹಿಂತಿರುಗಿಸಲಿಲ್ಲ. ಅದು ನಾಲ್ಕನೆಯವರಾಗಿ ಬಂದಿದ್ದ ಆಸ್ಟ್ರಿಯಾದ ಬೆಂಜಮಿನ್ ರೈಷ್ ಅವರಿಗೆ ಹೋಯಿತು.

ಬ್ಯಾಕ್ಸ್‌ಟರ್ ಬಗ್ಗೆ ಮರುಗುವ ನಾವು ರೈಷ್ ಅವರನ್ನೂ ನೆನೆಯಬೇಕು. ಅವರು ಏನು ತಪ್ಪು ಮಾಡಿದ್ದರು? ದೇಹದಲ್ಲಿ ನಿಷೇಧಿತ ವಸ್ತುವಿಲ್ಲದೆ ಸ್ಪರ್ಧಿಸಿದವರಿಗೂ ಒಂದು ಹಕ್ಕಿದೆ. ಅಲ್ಲದೆ, 'ಗೊತ್ತಿರಲಿಲ್ಲ' ಎಂಬ ಮಾತಿಗೆ ಬಿಡುಗಡೆ ಕೊಟ್ಟರೆ ಗೊತ್ತಿದ್ದು ತಿಂದವರೂ ಅದನ್ನೇ ಹೇಳುತ್ತಾರೆ. ಮನುಷ್ಯನ ಮನಸ್ಸಿನೊಳಗೆ ಇಣುಕುವ ಪ್ರಯೋಗಾಲಯ ಇನ್ನೂ ಬಂದಿಲ್ಲ. ಆದ್ದರಿಂದ ಪದಕ ಕಸಿಯುವ ನಿಯಮವನ್ನು ನಾವು ಅನ್ಯಾಯವೆನ್ನಲಾರೆವು.

ನಮ್ಮ ತಕರಾರಿರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಪದಕ ಹೋಗುವುದು ಬೇರೆ, ಮಾನ ಹೋಗುವುದು ಬೇರೆ.

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರನ್ನು ನೆನೆಯೋಣ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ನಾಡು ಹೆಮ್ಮೆಪಟ್ಟಿತು. 2011ರಲ್ಲಿ ಅವರೂ ಕೆಲವು ಸಂಗಡಿಗರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತೆಂದು ಓಟಗಾರ್ತಿಯರು ಹೇಳಿದರು. ಉಕ್ರೇನಿನ ಆ ತರಬೇತುದಾರರನ್ನು ಕೆಲಸದಿಂದ ತೆಗೆಯಲಾಯಿತು. ದೇಶದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಗುರು ಕೊಟ್ಟದ್ದನ್ನು ಪರೀಕ್ಷಿಸಬೇಕಿತ್ತು ಎನ್ನುತ್ತದೆ ನಿಯಮ. ಸರಿಯೇ. ಆದರೆ ಶಿಬಿರದಲ್ಲಿ ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ತರಬೇತುದಾರರ ಮಾತಿನಂತೆ ನಡೆಯುವಾಗ ಹಳ್ಳಿಯಿಂದ ಬಂದ ಹುಡುಗಿ ಆ ಒಂದು ಡಬ್ಬಿಯನ್ನು ಮಾತ್ರ ಅನುಮಾನಿಸುವುದು ಹೇಗೆ? ಎದುರಾಡದೆ ಕೇಳುವ ಮಕ್ಕಳನ್ನೇ ಒಳ್ಳೆಯ ಮಕ್ಕಳೆಂದು ಹೊಗಳುವವರು ನಾವು. ಆ ವಿಧೇಯತೆಯೇ ಮುಂದೆ ಅವರ ಪಾಲಿಗೆ ನಿರ್ಲಕ್ಷ್ಯವೆನಿಸಿಕೊಳ್ಳುತ್ತದೆ.

2015ರ ಸಂಹಿತೆ 'ಕಲುಷಿತ ಉತ್ಪನ್ನ' ಎಂಬುದನ್ನು ಬೇರೆಯಾಗಿ ಗುರುತಿಸಿತು. ದೊಡ್ಡ ತಪ್ಪಿಲ್ಲವೆಂದು ಕಂಡರೆ ಶಿಕ್ಷೆ ಬರೀ ಎಚ್ಚರಿಕೆಯಿಂದ ಎರಡು ವರ್ಷದವರೆಗೆ ಇರಬಹುದು. ಆದರೆ ವಸ್ತು ಎಲ್ಲಿಂದ ಬಂತೆಂದು ತೋರಿಸುವ ಭಾರ ಕ್ರೀಡಾಪಟುವಿನ ಮೇಲೆಯೇ ಇದೆ. ಖಾಲಿ ಡಬ್ಬಿಯನ್ನು ಎಂದೋ ಎಸೆದವರು, ವಕೀಲರಿಗೂ ಪ್ರಯೋಗಾಲಯಕ್ಕೂ ದುಡ್ಡಿಲ್ಲದವರು ಏನು ತೋರಿಸಿಯಾರು? ನಿರಪರಾಧಿಯಾಗಿರಲು ಹಣವೂ ಬೇಕೆಂದಾದರೆ ಅದು ಬಡವರ ಪಾಲಿಗೆ ಅರ್ಧ ನ್ಯಾಯ.

ಗಿರಣಿಯವನನ್ನು ಕೇಳಿದವರೂ ಇಲ್ಲದಿಲ್ಲ. ಅಮೆರಿಕದ ಈಜುಗಾರ ಕಿಕರ್ ವೆನ್ಸಿಲ್ 2003ರಲ್ಲಿ ಸಿಕ್ಕಿಬಿದ್ದು ಎರಡು ವರ್ಷದ ನಿಷೇಧ ಅನುಭವಿಸಿದರು. ಅವರು ತಿಂದದ್ದು ವಿಟಮಿನ್ ಮಾತ್ರೆ. ತಯಾರಕರ ಮೇಲೆ ಅವರು ದಾವೆ ಹೂಡಿದರು. 2005ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಐದೂವರೆ ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದಿತು. ಅಷ್ಟರಲ್ಲಿ ಅಥೆನ್ಸ್ ಒಲಿಂಪಿಕ್ಸ್ ಮುಗಿದುಹೋಗಿತ್ತು.

ತಪ್ಪಿಗೆ ಹೊಣೆಯಾಗುವುದು ಬೇರೆ, ತಪ್ಪಿತಸ್ಥರಾಗುವುದು ಬೇರೆ. ನಿಯಮಕ್ಕೆ ಮೊದಲನೆಯದು ಸಾಕು. ಎರಡನೆಯದನ್ನು ಹೇಳುವ ಮುನ್ನ ಸಮಾಜವಾದ ನಾವು ತುಸು ತಡೆಯಬೇಕು. ಡಬ್ಬಿ ತಯಾರಿಸಿದವರು, ಮಾರಿದವರು, ಕೈಗೆ ಕೊಟ್ಟವರು, ಪದಕ ಬೇಕೇ ಬೇಕೆಂದು ಒತ್ತಾಯಿಸಿದವರು, ಇವರೆಲ್ಲರನ್ನೂ ವಿಚಾರಿಸದೆ ಓಡಿದ ಹುಡುಗಿಯೊಬ್ಬಳನ್ನೇ 'ಮೋಸಗಾತಿ' ಎಂದರೆ ಅದು, ನಾಲಿಗೆ ಉರಿದು ಅಳುವ ಮಗುವಿನ ಕೆನ್ನೆಗೆ ಹೊಡೆದಂತೆ. ಗಿರಣಿ ಅಲ್ಲೇ ನಡೆಯುತ್ತಿರುತ್ತದೆ.