ಸರದಿಯ ದಿನ

ಗಂಟಲಮಾರಿಯ ರೋಗಾಣು ಮಗುವಿನ ಗಂಟಲಲ್ಲಿ ಬೂದು ಪೊರೆ ಕಟ್ಟಿಕೊಂಡು ಬಹುಮಟ್ಟಿಗೆ ಅಲ್ಲೇ ಕೂತಿರುತ್ತದೆ. ಆದರೆ ಸೋಲುವುದು ದೂರದ ಹೃದಯ. ಇದು ಹೇಗೆ? 1888ರಲ್ಲಿ ಪ್ಯಾರಿಸ್ಸಿನ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಉತ್ತರ ಕಂಡುಕೊಂಡರು. ರೋಗಾಣುಗಳನ್ನೆಲ್ಲ ಸೋಸಿ ತೆಗೆದ ಮೇಲೂ ಉಳಿದ ದ್ರವ ಪ್ರಾಣಿಗಳನ್ನು ಕೊಲ್ಲುತ್ತಿತ್ತು. ಅಂದರೆ ಕೊಲ್ಲುವುದು ರೋಗಾಣು ಸ್ರವಿಸುವ ವಿಷ. ಅದು ಜೀವಕೋಶದೊಳಗೆ ಹೊಕ್ಕು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಒಂದು ಕೋಶ ಸಾಯಲು ಒಂದೇ ಅಣು ಸಾಕು.

1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ, ಈ ವಿಷವನ್ನು ಜಯಿಸಿದ ಪ್ರಾಣಿಯ ರಕ್ತದ್ರವದಲ್ಲಿ ಅದನ್ನು ಕಟ್ಟಿಹಾಕುವ ಗುಣವಿದೆ ಎಂದು ತೋರಿಸಿದರು. ಬೇಗನೆ ಕುದುರೆಗಳಿಂದ ಸೀರಮ್ ತಯಾರಾಯಿತು. ಅದಕ್ಕೊಂದು ಮಿತಿಯಿದೆ: ಕೋಶದ ಹೊರಗಿರುವ ವಿಷವನ್ನಷ್ಟೇ ಅದು ಹಿಡಿಯಬಲ್ಲದು, ಒಳಹೊಕ್ಕದ್ದನ್ನು ಹೊರಗೆಳೆಯಲಾರದು. ಹಾಗಾಗಿ ಪ್ರತಿ ಗಂಟೆಗೂ ಬೆಲೆ.

ಇದನ್ನು ನೆನಪಿಟ್ಟುಕೊಂಡು ಕೋಪನ್‌ಹೇಗನ್ನಿಗೆ ಬನ್ನಿ. 1896-97ರಲ್ಲಿ ಅಲ್ಲಿನ ವೈದ್ಯ ಯೊಹಾನೆಸ್ ಫಿಬಿಗರ್, ಒಂದು ದಿನ ದಾಖಲಾದವರಿಗೆ ಸೀರಮ್ ಕೊಟ್ಟರೆ ಮರುದಿನ ಬಂದವರಿಗೆ ಕೊಡಲಿಲ್ಲ. ಸೀರಮ್ ಪಡೆದ 239 ಮಂದಿಯಲ್ಲಿ ಸತ್ತವರು 8. ಪಡೆಯದ 245ರಲ್ಲಿ 30. ಲೆಕ್ಕ ಹಾಕಿದರೆ, ಇಪ್ಪತ್ತಕ್ಕೂ ಹೆಚ್ಚು ಜನ ತಪ್ಪು ದಿನ ಆಸ್ಪತ್ರೆಗೆ ಬಂದಿದ್ದರು.

ಫಿಬಿಗರ್ ಮಾಡಿದ್ದು ಸರಿಯೇ? ಕಾಯಿಲೆಯ ಉಗ್ರತೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು. ಸಾವು ಇಳಿದರೆ ಅದು ಔಷಧದ ಗುಣವೋ, ಪಿಡುಗು ತಾನಾಗಿ ಮೆತ್ತಗಾದದ್ದೋ ಹೇಳುವಂತಿರಲಿಲ್ಲ. ಕುದುರೆಯ ಸೀರಮ್‌ನಿಂದ ಜ್ವರ, ದದ್ದು, ಕೀಲುನೋವು ಬರುತ್ತಿದ್ದದ್ದೂ ನಿಜ. ಯಾರಿಗೆ ಕೊಡಬೇಕೆಂದು ವೈದ್ಯನೇ ಆರಿಸಿದ್ದರೆ ಅವನ ಮನಸ್ಸೇ ತೂಕದ ಬಟ್ಟಾಗುತ್ತಿತ್ತು. ದಿನಕ್ಕೆ ಮುಖ ಮೋರೆ ಇಲ್ಲ. ಗೊತ್ತಿಲ್ಲದಿದ್ದಾಗ ಸರದಿ ಹಿಡಿಯುವುದು ಕ್ರೌರ್ಯವಲ್ಲ ಎಂದೇ ನನಗನಿಸುತ್ತದೆ. ಆದರೆ ಅವರಿಗೆ ನಿಜಕ್ಕೂ ಎಷ್ಟು ಗೊತ್ತಿರಲಿಲ್ಲ? 1894ರಿಂದಲೇ ಯುರೋಪಿನ ಆಸ್ಪತ್ರೆಗಳು ಸೀರಮ್ಮನ್ನು ಹೊಗಳುತ್ತಿದ್ದವು. ನೂರನೆಯ ರೋಗಿಯ ಹೊತ್ತಿಗೆ ಇದ್ದ ಸಂದೇಹ ನಾನೂರನೆಯ ರೋಗಿಯ ಹೊತ್ತಿಗೂ ಅಷ್ಟೇ ಪ್ರಾಮಾಣಿಕವಾಗಿ ಉಳಿದಿತ್ತೇ? ನನ್ನ ಒಪ್ಪಿಗೆ ಇಲ್ಲಿಗೆ ಬಂದು ತಡವರಿಸುತ್ತದೆ. (ಇದೇ ಫಿಬಿಗರ್ ಮುಂದೆ ನೊಬೆಲ್ ಪಡೆದದ್ದು ಹುಳುವಿನಿಂದ ಕ್ಯಾನ್ಸರ್ ಬರುತ್ತದೆಂಬ ಶೋಧಕ್ಕೆ. ಅದು ಆಮೇಲೆ ನಿಲ್ಲಲಿಲ್ಲ.)

ಸೀರಮ್‌ನ ಗುಣದ ಬಗ್ಗೆ ಈಗ ಸಂದೇಹವಿಲ್ಲ. ಆದರೆ ಲಸಿಕೆ ಹರಡಿ ಕಾಯಿಲೆ ವಿರಳವಾದಂತೆ ಅದರ ತಯಾರಿಕೆಯೂ ಕುಗ್ಗಿತು. 2017ರ ಕೊನೆಗೆ ಬಾಂಗ್ಲಾದೇಶದ ರೋಹಿಂಗ್ಯಾ ಶಿಬಿರಗಳಲ್ಲಿ ಗಂಟಲಮಾರಿ ಎದ್ದಾಗ ಎಲ್ಲರಿಗೂ ಸಾಲುವಷ್ಟು ಸೀರಮ್ ಇರಲಿಲ್ಲ. ಯಾವ ಮಗುವಿಗೆ ಎಂದು ಅಲ್ಲಿನ ವೈದ್ಯರು ಮುಖ ನೋಡಿಯೇ ತೀರ್ಮಾನಿಸಬೇಕಾಯಿತು.